ಮಡಚಿ ನೋಡದ ಸೀಟು

ಹೋಹೆಪಾ ಮಾವ ಸೋಮವಾರ ಬೆಳಿಗ್ಗೆ ಎಂಟು ಗಂಟೆಗೆ ಆಸ್ಪತ್ರೆಯಲ್ಲಿ ತೀರಿಕೊಂಡ. ಆ ಹೊತ್ತಿಗೆ ಅವನ ಕಾರಿನ ಮುಂದಿನ ಸೀಟು ನನ್ನ ಶೆಡ್ಡಿನ ಬೆಂಚಿನ ಮೇಲೆ ಬರೀ ಕಂಬಿಯಾಗಿ ಬಿದ್ದಿತ್ತು. ಹಿಂದಿನ ಸೀಟಿನ ಒರಗುವ ಭಾಗ ಒಂದು ಮೂಲೆಯಲ್ಲಿತ್ತು, ಕೂರುವ ಮೆತ್ತೆ ಇನ್ನೊಂದು ಮೂಲೆಯಲ್ಲಿತ್ತು. ಸೀಟನ್ನು ಹಿಂದೆ ಮುಂದೆ ಸರಿಸುವ ಕಬ್ಬಿಣದ ಹಳಿಗಳೆರಡು ಡೀಸೆಲ್ ತುಂಬಿದ ತಟ್ಟೆಯಲ್ಲಿ ಮುಳುಗಿ ಏಳು ತಿಂಗಳಾಗಿತ್ತು. ಎರಡು ವರ್ಷದಿಂದ ನಾನು ಮಾಡಿಕೊಡುತ್ತಿದ್ದ ಕೆಲಸ ಅದು. ಎರಡು ವರ್ಷ! ನಾಚಿಕೆಯಾಗಬೇಕು ನನಗೆ.

ಫೋನಿನಲ್ಲಿ ಸುದ್ದಿ ಹೇಳಿದವನು ಮಾಟಿಯು, ಮಾವನ ಮಗ.

"ರಿಪೆಕಾ, ಅಪ್ಪ ಹೋಗ್ಬಿಟ್ರು ಕಣೇ."

ನಾನು ಬೆಂಚಿನ ಮೇಲಿನ ಕಂಬಿ ನೋಡುತ್ತ ನಿಂತೆ.

"ಕೇಳಿಸ್ತಾ?"

"ಕೇಳಿಸ್ತು."

"ಶವಾಗಾರದವರು ಬುಧವಾರ ಹನ್ನೆರಡೂವರೆಗೆ ಅಪ್ಪನ್ನ ಕೊಡ್ತಾರಂತೆ. ಹೊತ್ತು ಮುಳುಗೋದ್ರೊಳಗೆ ಊರಿನ ಸಭಾಮನೆ ಗೇಟು ದಾಟಬೇಕು." ಆಮೇಲೆ ಮೆಲ್ಲಗೆ ಕೇಳಿದ, "ಕಾರು?"

"ತರ್ತೀನಿ."

"ಸೀಟು ಆಗಿದ್ಯಾ?"

"ತರ್ತೀನಿ ಅಂದ್ನಲ್ಲ!" ಎಂದು ಕಿರುಚಿ ಫೋನು ಇಟ್ಟೆ. ಆಗಷ್ಟೇ ಅಪ್ಪನನ್ನು ಕಳೆದುಕೊಂಡವನ ಮೇಲೆ ಕಿರುಚಿದೆ. ಅಂಥ ಬಾಯಿ ನನ್ನದು.

ಕಾರಿನ ಸೀಟು ಹೊಲಿಯುವುದು ನನ್ನ ಕಸುಬು. ಒಪೋಟಿಕಿ ಪಟ್ಟಣದ ಹಿಂಬದಿ ರಸ್ತೆಯಲ್ಲಿ ಶೆಡ್ಡು ಹಾಕಿಕೊಂಡು ಮೂವತ್ತೊಂದು ವರ್ಷವಾಯಿತು. ಹಳೇ ಕಾರಿನ ಹುಚ್ಚು ಹಿಡಿದ ಗಂಡಸರು ಆಕ್ಲೆಂಡಿನಿಂದಲೂ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ನನ್ನ ಹೊಲಿಗೆಯಲ್ಲಿ ಒಂದು ಸೊಟ್ಟ ತೋರಿಸಿದವರಿಗೆ ಸೀಟು ಬಿಟ್ಟಿ ಎಂದು ಗೋಡೆಗೆ ಬರೆದು ಹಾಕಿದ್ದೇನೆ. ಇವತ್ತಿನವರೆಗೆ ಒಬ್ಬನೂ ಬಿಟ್ಟಿ ಸೀಟು ಒಯ್ದಿಲ್ಲ. ಅಷ್ಟು ಜಂಬದವಳು ನನ್ನ ಸ್ವಂತ ಮಾವನ ಕಾರನ್ನು ಮಾತ್ರ ಮೂಲೆಗೆ ತಳ್ಳಿದ್ದೆ.

ಮಾವ ಎಂದರೆ ಬರೀ ಮಾವನಲ್ಲ. ಅವ್ವ ನನ್ನನ್ನು ಆರು ತಿಂಗಳ ಕೂಸಿದ್ದಾಗ ತನ್ನ ಅಣ್ಣನ ಮಡಿಲಿಗೆ ಹಾಕಿದಳು. ನಮ್ಮಲ್ಲಿ ಅದು ಇದ್ದದ್ದೇ, ಅದಕ್ಕೆ ಯಾರೂ ಅತ್ತು ಕರೆಯುವುದಿಲ್ಲ. ಹುಹಾನಾ ಅತ್ತೆ ಉಣ್ಣಿಸಿದಳು, ಮಾವ ಹೊತ್ತು ತಿರುಗಿದ. ಆ ಕಾರು ಇದೆಯಲ್ಲ, ಸಾವಿರದ ಒಂಬೈನೂರ ಅರವತ್ತನಾಲ್ಕರ ಹೋಲ್ಡನ್ ವ್ಯಾಗನ್, ಹಿಂದೆ ಉದ್ದಕ್ಕೆ ಸಾಮಾನಿನ ಜಾಗವಿರುವಂಥದ್ದು, ಅದರ ಹಿಂದಿನ ಸೀಟು ಮಡಚಿ ಹಾಸಿಗೆ ಮಾಡಿ ನನ್ನನ್ನೂ ಮಾಟಿಯುವನ್ನೂ ಮಲಗಿಸಿಕೊಂಡು ಮೀನು ಹಿಡಿಯಲು ಹೋಗುತ್ತಿದ್ದರು.

ಎಂಬತ್ತು ತುಂಬಿದ ದಿನ ಮಾವ ಊರಿನ ಸಭಾಮನೆಯ ಮುಂದೆ, ಕುಲದ ಅಂಗಳದಲ್ಲಿ, ಊರುಗೋಲು ಊರಿ ಎದ್ದು ನಿಂತು ಹೇಳಿದ: "ನಾನು ಸತ್ತರೆ ಆ ಕರೀ ಬಾಡಿಗೆ ಬಂಡಿಯಲ್ಲಿ ನನ್ನನ್ನು ಇಲ್ಲಿಗೆ ತರಬೇಡಿ. ನನ್ನ ಕಾರಿನಲ್ಲಿ ಬರ್ತೀನಿ. ರಿಪೆಕಾ ಕರ್ಕೊಂಡು ಬರ್ತಾಳೆ." ಇನ್ನೂರು ಜನ ನನ್ನ ಕಡೆ ತಿರುಗಿದರು. ನಾನೂ ಎದ್ದು ನಿಂತು, "ಹೂಂ ಮಾವ, ನಾನೇ ಕರ್ಕೊಂಡು ಬರ್ತೀನಿ" ಎಂದೆ. ಆ ಅಂಗಳದಲ್ಲಿ ಎದ್ದು ನಿಂತು ಆಡಿದ ಮಾತನ್ನು ಯಾರೂ ಮರೆಯುವುದಿಲ್ಲ. ಹೊತ್ತು ಮುಳುಗಿದ ಮೇಲೆ ಸತ್ತವರನ್ನು ಅದರ ಗೇಟಿನೊಳಗೆ ಬಿಡುವುದೂ ಇಲ್ಲ. ಮರುವಾರವೇ ಕಾರು ನನ್ನ ಶೆಡ್ಡಿಗೆ ಬಂತು.

ಕಾರು ಓಡುತ್ತಿತ್ತು, ಅದಕ್ಕೇನೂ ತೊಂದರೆಯಿರಲಿಲ್ಲ. ಆದರೆ ಓಡಿದರೆ ಸಾಲದು. ಶವದ ಪೆಟ್ಟಿಗೆ ಒಳಗೆ ಹೋಗಬೇಕೆಂದರೆ ಹಿಂದಿನ ಸೀಟು ಮಡಚಬೇಕು. ಕೂರುವ ಮೆತ್ತೆಯನ್ನು ಎತ್ತಿ ಮುಂದಿನ ಸೀಟಿನ ಬೆನ್ನಿಗೆ ಒತ್ತಿ ನಿಲ್ಲಿಸಬೇಕು, ಒರಗುವ ಭಾಗವನ್ನು ಆ ಖಾಲಿ ಜಾಗಕ್ಕೆ ಮಲಗಿಸಬೇಕು. ಆಗ ಹಿಂಬಾಗಿಲವರೆಗೆ ಒಂದೇ ಮಟ್ಟ. ಮಾವ ಆರಡಿ ಮೀರಿದ ಆಳು, ಪೆಟ್ಟಿಗೆ ಇನ್ನೂ ಉದ್ದ. ಆದ್ದರಿಂದ ಅಡ್ಡಕ್ಕೆ ಒಂದೇ ಬೆಂಚಿನಂತಿರುವ ಮುಂದಿನ ಸೀಟೂ ಹಳಿಯ ಮೇಲೆ ಮುಂದಕ್ಕೆ ಜರುಗಬೇಕು. ಹಳಿಗಳು ತುಕ್ಕು ಹಿಡಿದು ಒಂದೇ ತುಂಡಾಗಿದ್ದವು.

ಎರಡು ದಿನ ನಾನು ಮನುಷ್ಯಳಾಗಿರಲಿಲ್ಲ. ಬಂದ ಗಿರಾಕಿಗಳನ್ನು ಬಾಗಿಲಿನಿಂದಲೇ ಅಟ್ಟಿದೆ. ಹಳಿಗಳನ್ನು ಕಾಯಿಸಿದೆ, ಸುತ್ತಿಗೆಯಲ್ಲಿ ಬಡಿದೆ, ಬೈದೆ, ಮತ್ತೆ ಕಾಯಿಸಿದೆ. ಸೋಮವಾರ ಸಂಜೆ ಎಡಗಡೆಯದು ಕಿರ್ರೆಂದು ಒಂದಂಗುಲ ಅಲುಗಿದಾಗ ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಒಳಗಿನ ಉಕ್ಕಿನ ಗುಂಡುಗಳೆಲ್ಲ ಸವೆದು ಕಡಲೆಬೇಳೆಯಾಗಿದ್ದವು, ಹೊಸವು ಹಾಕಿದೆ. ಸೀಟು ನಿಂತಲ್ಲಿ ನಿಲ್ಲುವಂತೆ ಹಳಿಯ ಹಲ್ಲಿಗೆ ಕಚ್ಚುವ ಕೊಕ್ಕೆ ಮುರಿದಿತ್ತು. ಹಳೇ ಗರಗಸದ ಅಲಗು ಕೊಯ್ದು, ಅರದಿಂದ ಉಜ್ಜಿ ಉಜ್ಜಿ ಹೊಸ ಕೊಕ್ಕೆ ಮಾಡಿದೆ. ಮಂಗಳವಾರ ಮಧ್ಯಾಹ್ನದ ಹೊತ್ತಿಗೆ ಹಿಡಿ ಎತ್ತಿದರೆ ಸೀಟು ಒಂದು ಬೆರಳಿನ ನೂಕಿಗೆ ಸರಿಯುತ್ತಿತ್ತು, ಬಿಟ್ಟರೆ ಟಕ್ ಎಂದು ಕೂರುತ್ತಿತ್ತು. ಅಂಥ ಕೆಲಸ ಈ ಕರಾವಳಿಯಲ್ಲಿ ಇನ್ನೊಬ್ಬರು ಮಾಡಿ ತೋರಿಸಲಿ ನೋಡೋಣ.

ಆಮೇಲೆ ಮೆತ್ತೆ. ಕಾರ್ಖಾನೆಯಿಂದ ಬಂದಾಗ ಆ ಸೀಟುಗಳಲ್ಲಿ ಗೋಣಿ ಬಟ್ಟೆ, ತೆಂಗಿನ ನಾರು, ಮೇಲೊಂದು ತೆಳ್ಳನೆಯ ಹತ್ತಿಯ ಹಾಸು, ಅಷ್ಟೇ. ಮಾವನಿಗೆ ಸೊಂಟದ ಮೂಳೆ ಸವೆದಿತ್ತು, ಗಟ್ಟಿ ಕುರ್ಚಿಯಲ್ಲಿ ಹತ್ತು ನಿಮಿಷ ಕೂರಲಾರ. ಅವನಿಗೆಂದು ನಾನು ಎರಡು ಬೆರಳು ದಪ್ಪ ಹೆಚ್ಚಿಗೆ ಫೋಮ್ ಕತ್ತರಿಸಿಟ್ಟಿದ್ದೆ. ಮುಂದಿನ ಸೀಟಿಗೆ ಅಷ್ಟು ಕೊಟ್ಟ ಮೇಲೆ ಹಿಂದಿನದಕ್ಕೂ ಅಷ್ಟೇ ಕೊಡಬೇಕು, ಇಲ್ಲದಿದ್ದರೆ ಅಂದ ಕೆಡುತ್ತದೆ. ಸತ್ತ ಮೇಲೆ ಸೊಂಟ ನೋಯುವುದಿಲ್ಲ ಎಂದು ನನಗೆ ಹೊಳೆಯಲೇ ಇಲ್ಲ. ಕತ್ತರಿಸಿಟ್ಟದ್ದನ್ನೇ ಹಾಕಿದೆ, ಕೆನೆ ಬಣ್ಣದ ರೆಕ್ಸಿನ್ ಎಳೆದು ಬಿಗಿದೆ, ಅಂಚಿಗೆ ಕೆಂಪು ಗೋಟು ಕೊಟ್ಟೆ.

ಮಂಗಳವಾರ ಸಂಜೆ ಮಾಟಿಯು ಮಾಂಸ ತುಂಬಿ ಬೇಯಿಸಿದ ಎರಡು ಪೈ ಹಿಡಿದು ಬಂದ. ಅತ್ತೆ ಶವಾಗಾರದಲ್ಲಿ ಮಾವನ ಪಕ್ಕ ಬಿಟ್ಟು ಏಳುತ್ತಿರಲಿಲ್ಲ. ಸತ್ತವರನ್ನು ಒಂಟಿಯಾಗಿ ಬಿಡುವ ಹಾಗಿಲ್ಲ. ಮಾಟಿಯು ಕಾರಿನ ಸುತ್ತ ಒಂದು ಸುತ್ತು ಬಂದು ಶಿಳ್ಳೆ ಹಾಕಿದ.

"ಅಪ್ಪಂಗಲ್ಲ ಕಣೇ ಇದು, ಇಂಗ್ಲೆಂಡ್ ರಾಣಿಗೆ ಮಾಡ್ದಂಗಿದೆ."

"ಪೈ ಕೆಳಗಿಡು. ಎಣ್ಣೆ ಕೈಯಲ್ಲಿ ಮುಟ್ಟಿದ್ಯೋ, ಕೈ ಕತ್ತರಿಸ್ತೀನಿ."

"ಮಡಚಿ ನೋಡಿದ್ಯಾ?"

"ಹೊಸ ರೆಕ್ಸಿನ್ ಕಣೋ. ಇವತ್ತೇ ಮಡಚಿದ್ರೆ ಗೆರೆ ಬೀಳುತ್ತೆ, ಆಮೇಲೆ ಜನ್ಮದಲ್ಲಿ ಹೋಗಲ್ಲ."

"ಅಲ್ವೇ, ಒಂದು ಸಲ..."

"ಬರೀ ಕಂಬಿ ಇದ್ದಾಗ ಮಡಚಿ ಅಳತೆ ತಗೊಂಡಿದ್ದೀನಿ. ನಾಲ್ಕು ಬೆರಳು ಜಾಗ ಮಿಗುತ್ತೆ. ನೀನು ಬಂದು ನನಗೆ ಅಳತೆ ಹೇಳ್ಕೊಡ್ತೀಯಾ?"

ಅವನು ಸೋತೆ ಎಂಬಂತೆ ಎರಡೂ ಕೈ ಮೇಲೆತ್ತಿದ. ನಮ್ಮ ಕಸುಬಿನವರೆಲ್ಲ ಹೀಗೇ. ಹೊದಿಸಿದ ಮೇಲೆ ಕೂತು ನೋಡುತ್ತೇವೆ, ಮೊಣಕಾಲಿನಲ್ಲಿ ಒತ್ತಿ ನೋಡುತ್ತೇವೆ, ಕೈಯಾಡಿಸಿ ನೋಡುತ್ತೇವೆ. ಮಡಚಿ ಮಾತ್ರ ನೋಡುವುದಿಲ್ಲ. ಗೆರೆ ಬಿದ್ದೀತೆಂಬ ಭಯ.

ಬುಧವಾರ ಹನ್ನೆರಡೂವರೆಗೆ ಸರಿಯಾಗಿ ವ್ಯಾಗನ್ನನ್ನು ಶವಾಗಾರದ ಹಿಂದಿನ ಅಂಗಳಕ್ಕೆ ತಂದು ನಿಲ್ಲಿಸಿದೆ. ಬಿಸಿಲಿತ್ತು, ಗಾಳಿ ಚಳಿಯಾಗಿತ್ತು; ನಮ್ಮ ಚಳಿಗಾಲದಲ್ಲಿ ಐದು ಗಂಟೆಗೇ ಹೊತ್ತು ಮುಳುಗುತ್ತದೆ. ಕಪ್ಪು ಉಡುಪು ತೊಟ್ಟು, ಸಾವಿನ ಗುರುತಿಗೆ ತಲೆಗೆ ಹಸಿರೆಲೆಯ ದಂಡೆ ಕಟ್ಟಿಕೊಂಡು ಅತ್ತೆ ಹೊರಗೆ ಬಂದಳು. ಎಂಬತ್ತರ ಹತ್ತಿರದ ಪುಟಾಣಿ ಹೆಂಗಸು, ನನ್ನ ಭುಜಕ್ಕೂ ಬರುವುದಿಲ್ಲ. ಕಾರಿನೊಳಗೆ ಇಣುಕಿ ರೆಕ್ಸಿನ್ ಮೇಲೆ ಅಂಗೈಯಿಟ್ಟಳು.

"ಚೆನ್ನಾಗಿದೆ" ಎಂದಳು. ಅಷ್ಟೇ. ನನಗೆ ಅಷ್ಟು ಸಾಕಿತ್ತು.

ನಾನು ಹಿಂದಿನ ಮೆತ್ತೆ ಎತ್ತಿ ನಿಲ್ಲಿಸಿದೆ. ಒರಗುವ ಭಾಗದ ಕೊಂಡಿ ಬಿಚ್ಚಿ ಮುಂದಕ್ಕೆ ಮಲಗಿಸಿದೆ. ಅದು ಮಲಗಲಿಲ್ಲ. ಅರ್ಧಕ್ಕೆ ಬಂದು ಫೋಮ್‌ಗೆ ಫೋಮ್ ತಾಗಿ ನಿಂತಿತು. ಮೇಲೆ ಮೊಣಕಾಲೂರಿ ಒತ್ತಿದೆ. ಒತ್ತಿದಾಗ ಬಗ್ಗಿತು, ಬಿಟ್ಟಾಗ ಎದ್ದಿತು. ಹಿಂಬಾಗಿಲ ಕಡೆಯಿಂದ ನೋಡಿದರೆ ನಡುವೆ ಒಂದು ಮೊಳಕೈ ಎತ್ತರದ ದಿಬ್ಬ. ಎತ್ತಿ ನಿಲ್ಲಿಸಿದ ಮೆತ್ತೆಯೂ ದಪ್ಪವಾಗಿ ಇದ್ದಬದ್ದ ಜಾಗವನ್ನೆಲ್ಲ ತಿಂದಿತ್ತು.

ಆರು ಜನ ಪೆಟ್ಟಿಗೆ ಹೊತ್ತು ಹೊರಗೆ ಬಂದಿದ್ದರು. ಅವರು ನಿಂತೇ ಇದ್ದರು.

"ಏನಾಯ್ತು?" ಎಂದ ಮಾಟಿಯು.

"ಏನಿಲ್ಲ, ತಳ್ಳಿ."

ತಳ್ಳಿದರು. ಪೆಟ್ಟಿಗೆಯ ತಲೆ ದಿಬ್ಬಕ್ಕೆ ಗುದ್ದಿ ನಿಂತಿತು. ಎತ್ತಿ ಮೇಲೇರಿಸಿದರು, ಇಳಿಜಾರಿಗೆ ಹಿಂದಕ್ಕೆ ಜಾರಿತು. ಕಾಲಿನ ಭಾಗ ಒಂದೂವರೆ ಗೇಣು ಹೊರಗೆ ಚಾಚಿಕೊಂಡಿತ್ತು.

"ಹಿಂಬಾಗಿಲು ತೆರೆದೇ ಬಿಟ್ಟು ಹಗ್ಗ ಕಟ್ಟೋಣ" ಎಂದ ಒಬ್ಬ.

"ಅವನೇನು ಮರದ ದಿಮ್ಮಿನೇನೋ?" ಎಂದಳು ಅತ್ತೆ. ಅವನು ತಲೆ ತಗ್ಗಿಸಿದ.

ಶವಾಗಾರದ ಯಜಮಾನ ಕಾಲಿನ್ ಒಳ್ಳೆಯವನು, ಮೆಲ್ಲಗೆ ಅತ್ತೆಯ ಹತ್ತಿರ ಬಂದು ಹೇಳಿದ: "ನಮ್ಮ ಬಂಡಿ ಇಲ್ಲೇ ನಿಂತಿದೆ ಅಮ್ಮಾ. ಈಗ ಹೊರಟರೆ ಎರಡೂವರೆಗೆ ಊರಲ್ಲಿರ್ತೀರಿ. ಯಾರೂ ತಪ್ಪು ತಿಳಿಯಲ್ಲ."

ಕರೀ ಬಂಡಿ ಅಲ್ಲಿ ಫಳಫಳ ಹೊಳೆಯುತ್ತಿತ್ತು. ಎಲ್ಲರೂ ಅತ್ತೆಯ ಮುಖ ನೋಡಿದರು. ನಾನು ಅವಳ ಕೈ ಹಿಡಿದುಕೊಂಡೆ.

"ಅರ್ಧ ಗಂಟೆ ಕೊಡು ಅತ್ತೆ. ನಿನ್ನ ಕಾಲಿಗೆ ಬೀಳ್ತೀನಿ. ಬಿಚ್ಚಿ ತೆಗೀತೀನಿ ಎಲ್ಲಾನೂ. ಅರ್ಧ ಗಂಟೆ."

"ಅಮ್ಮಾ, ಬೇಡ" ಎಂದ ಮಾಟಿಯು. "ಹೊತ್ತು ಮುಳುಗಿಬಿಟ್ರೆ ಅಪ್ಪ ಗೇಟಿನ ಹೊರಗೇ ಉಳೀತಾರೆ. ಇವಳ ಅರ್ಧ ಗಂಟೆ ನಮಗೆ ಗೊತ್ತಿಲ್ವಾ?"

ಅವನ ಮಾತು ನನಗೆ ಕಪಾಳಕ್ಕೆ ಬಾರಿಸಿದಂತಾಯಿತು. ತಪ್ಪೇನೂ ಹೇಳಿರಲಿಲ್ಲ ಅವನು.

ಅತ್ತೆ ಪೆಟ್ಟಿಗೆಯ ಮೇಲೆ ಕೈಯಿಟ್ಟಳು. "ಇವನಿಗೆ ಅದೊಂದೇ ಆಸೆ ಇತ್ತು" ಎಂದಳು. "ಅರ್ಧ ಗಂಟೆ."

ಚೂರಿ ತೆಗೆದೆ. ನನ್ನ ಬದುಕಿನಲ್ಲೇ ಅಷ್ಟು ಚೆಂದದ ಹೊಲಿಗೆ ನಾನು ಹೊಲಿದಿರಲಿಲ್ಲ. ಚೂರಿಯ ಮೊನೆಯನ್ನು ಕೆಂಪು ಗೋಟಿನ ಪಕ್ಕದಲ್ಲಿ ಚುಚ್ಚಿ ಈ ಕಡೆಯಿಂದ ಆ ಕಡೆಗೆ ಸೀಳಿದೆ. ರೆಕ್ಸಿನ್ ಸುಲಿದು ಎಸೆದೆ. ಫೋಮ್ ಬರಲಿಲ್ಲ. ಮಾವನ ಸೊಂಟಕ್ಕೆ ಜರುಗದಿರಲಿ ಎಂದು ನಾನೇ ಅಂಟು ಬಳಿದು, ಅದರ ಮೇಲೆ ಅಂಗುಲಕ್ಕೊಂದರಂತೆ ತಂತಿಯ ಉಂಗುರ ಹಾಕಿ ಬಿಗಿದಿದ್ದೆ. ಬೇರೆಯವರಿಗೆ ಮೂರಂಗುಲಕ್ಕೊಂದು ಹಾಕುತ್ತೇನೆ. ಮೆತ್ತೆಗೂ ಒರಗುವ ಭಾಗಕ್ಕೂ ಸೇರಿ ಇನ್ನೂರಕ್ಕೆ ಕಡಿಮೆಯಿರಲಿಲ್ಲ. ಒಂದೊಂದನ್ನೂ ಇಕ್ಕಳದಲ್ಲಿ ಕತ್ತರಿಸಬೇಕು. ಅಯ್ಯೋ, ಆ ಉಂಗುರಗಳು! ಬೆರಳು ಕುಯ್ದುಕೊಂಡು ರಕ್ತ ಸುರಿಯಿತು, ಒರೆಸಿಕೊಳ್ಳಲೂ ಪುರುಸೊತ್ತಿರಲಿಲ್ಲ. ಮಾಟಿಯು ಹತ್ತು ನಿಮಿಷ ದೂರ ನಿಂತು ನೋಡಿದ, ಆಮೇಲೆ ಕೋಟು ಬಿಚ್ಚಿ ಎಸೆದು ಇನ್ನೊಂದು ಇಕ್ಕಳ ಹಿಡಿದು ಪಕ್ಕದಲ್ಲಿ ಕೂತ.

"ಯಾರಿಗೆ ಹೆದರಿ ಇಷ್ಟು ಉಂಗುರ ಹೊಡ್ದಿದ್ದೀಯೇ?"

"ಸುಮ್ನೆ ಕತ್ತರಿಸೋ."

"ಅಪ್ಪ ಎದ್ದು ಓಡಿಹೋಗ್ತಾರೆ ಅಂದ್ಕೊಂಡ್ಯಾ?"

ನಗು ಬಂತು, ಅದರ ಜೊತೆಯಲ್ಲೇ ಅಳು ಬಂತು. ಅರ್ಧ ಗಂಟೆ ಕಳೆಯಿತು, ಒಂದು ತಾಸು ಕಳೆಯಿತು, ಎರಡನೇ ತಾಸೂ ಮುಗಿಯುತ್ತ ಬಂತು. ಕಾಲಿನ್ ಎರಡು ಸಲ ಬಂದು ಕೆಮ್ಮಿ ಹೋದ. ಅತ್ತೆ ಗಡಿಯಾರದ ಕಡೆ ನೋಡದೆ ಗಂಡನ ಪಕ್ಕ ಕೂತಿದ್ದಳು. ಕೊನೆಗೆ ಉಳಿದದ್ದು ಸ್ಪ್ರಿಂಗು, ಕಂಬಿ, ಮೇಲೊಂದು ಗೋಣಿ ಬಟ್ಟೆ. ಮಡಚಿದೆ. ಮಲಗಿತು. ಪೆಟ್ಟಿಗೆ ಒಳಗೆ ಜಾರಿತು, ಇನ್ನೂ ನಾಲ್ಕು ಬೆರಳು ಹೊರಗೇ. ಮುಂದಿನ ಸೀಟಿನ ಹಿಡಿ ಎತ್ತಿ ಕಟ್ಟಕಡೆಯ ಹಲ್ಲಿನವರೆಗೆ ಮುಂದಕ್ಕೆ ದೂಡಿದೆ. ಟಕ್. ಹಿಂಬಾಗಿಲು ಮುಚ್ಚಿತು.

ಗಂಟೆ ಮೂರು. ಡ್ರೈವರ್ ಜಾಗಕ್ಕೆ ಹೋಗಿ ಕೂರಲು ನೋಡಿದರೆ ಸ್ಟೀರಿಂಗಿಗೂ ಸೀಟಿಗೂ ನಡುವೆ ನನ್ನ ಹೊಟ್ಟೆ ಹಿಡಿಸಲಿಲ್ಲ. ಮಾಟಿಯು ನನಗಿಂತ ದಪ್ಪ. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು.

"ಕೀಲಿ ಕೊಡು" ಎಂದಳು ಅತ್ತೆ.

"ಅತ್ತೆ, ನಿನ್ನ ಲೈಸೆನ್ಸ್ ಮುಗಿದು ಮೂರು ವರ್ಷ."

"ಇಪ್ಪತ್ತಾರು ವರ್ಷ ಆ ರಸ್ತೆಲಿ ಸ್ಕೂಲ್ ಬಸ್ ಓಡ್ಸಿದ್ದೀನಿ. ಅಲ್ಲಿರೋ ಪೊಲೀಸಿನವನೂ ನನ್ನ ಬಸ್ಸಲ್ಲೇ ವಾಂತಿ ಮಾಡ್ಕೊಂಡು ಬೆಳೆದವನು. ಕೊಡು ಇಲ್ಲಿ."

ಹೀಗೆ ಅತ್ತೆ ಎಲೆದಂಡೆ ಸಮೇತ ಸ್ಟೀರಿಂಗ್ ಹಿಡಿದಳು. ಮಾಟಿಯು ಮತ್ತವನ ಕಡೆಯವರು ಪಿಕಪ್‌ನಲ್ಲಿ ಮುಂದೆ ಹೋದರು, ಗೇಟಿನಲ್ಲಿ ಹೇಳಿಡಲು. ಮಾವನ ಪಕ್ಕದಲ್ಲಿ ಯಾರಾದರೂ ಇರಲೇಬೇಕು. ನಾನು ಪೆಟ್ಟಿಗೆಗೂ ಕಾರಿನ ಗೋಡೆಗೂ ನಡುವಿನ ಸಂದಿಯಲ್ಲಿ, ನಾನೇ ಸುಲಿದ ಸೀಟಿನ ಕಂಬಿಗಳ ಮೇಲೆ, ಮಗ್ಗುಲಾಗಿ ಮಲಗಿದೆ. ತಿರುವಿನಲ್ಲಿ ಅಲ್ಲಾಡದಿರಲಿ ಎಂದು ಪೆಟ್ಟಿಗೆಯನ್ನು ಒಂದು ತೋಳಿನಲ್ಲಿ ತಬ್ಬಿಕೊಂಡೆ.

ಊರಿಗೆ ನೂರು ಕಿಲೋಮೀಟರ್. ಒಂದು ಕಡೆ ಬೆಟ್ಟ, ಒಂದು ಕಡೆ ಸಮುದ್ರ, ನಡುವೆ ತಿರುವೇ ತಿರುವು. ಅತ್ತೆ ಐವತ್ತರ ಮೇಲೆ ಹೋಗಲಿಲ್ಲ.

"ಸ್ವಲ್ಪ ಬೇಗ ಅತ್ತೆ."

"ಹಿಂದೆ ಮಕ್ಕಳಿದ್ದಾಗ ಇಷ್ಟೇ."

"ಮಕ್ಕಳೆಲ್ಲಿದ್ದಾರೆ ಅತ್ತೆ! ಮಾವ ಇರೋದು."

"ನಾನು ಜೋರಾಗಿ ಹೋದ್ರೆ ಅವನು ಬಾಗಿಲ ಹಿಡಿ ಹಿಡ್ಕೊಂಡು ಬೊಬ್ಬೆ ಹೊಡೀತಿದ್ದ. ಅಲ್ವೇನೋ ಮುದುಕಪ್ಪ?"

ದಾರಿಯುದ್ದಕ್ಕೂ ಅವನ ಜೊತೆ ಮಾತಾಡಿದಳು. ಈ ಸೇತುವೆ ಹತ್ತಿರ ನೀನು ಟೈರ್ ಬದಲಾಯಿಸುವಾಗ ಕೆಸರಿಗೆ ಬಿದ್ದಿದ್ದೆ, ಈ ಮನೆಯವಳನ್ನೇ ಅಲ್ಲವೇ ನೀನು ಮೊದಲು ಕೇಳಿದ್ದು, ಅವಳು ಬೇಡವೆಂದದ್ದು ಒಳ್ಳೆಯದೇ ಆಯಿತು. ನಾನು ಮಲಗಿದಲ್ಲಿಂದ ಕಿಟಕಿಯ ಬಿಸಿಲನ್ನೇ ನೋಡುತ್ತಿದ್ದೆ. ಮೊದಲು ಪೆಟ್ಟಿಗೆಯ ಮುಚ್ಚಳದ ಮೇಲಿತ್ತು. ಆಮೇಲೆ ಚಾವಣಿಗೆ ಏರಿತು. ಆಮೇಲೆ ಕಿತ್ತಳೆ ಬಣ್ಣವಾಯಿತು. "ಇರು, ಇರು, ಇರು" ಎಂದು ಸೂರ್ಯನಿಗೆ ಹೇಳುತ್ತಿದ್ದೆ, ಗಟ್ಟಿಯಾಗಿಯೇ ಹೇಳುತ್ತಿದ್ದೆ. ಮಾಟಿಯು ಫೋನು ಮಾಡಿದ: ಗೇಟಿನಲ್ಲಿ ಕಾಯುತ್ತಿದ್ದ ಊರ ಹಿರಿಯ ಹಿರಿನಿ ಅಜ್ಜನಿಗೆ, ನಾವು ಬರುವುದು ಸ್ವಲ್ಪ ತಡವಾಗುತ್ತದೆ ಎಂದನಂತೆ, ಅವರು "ಅದನ್ನ ಸೂರ್ಯಂಗೆ ಹೇಳಪ್ಪಾ" ಎಂದರಂತೆ.

ಕೊನೆಯ ಗುಡ್ಡ ಇಳಿದು ಅಂಗಳದ ಗೇಟಿನ ಮುಂದೆ ನಿಂತಾಗ ಸಮುದ್ರದ ಅಂಚಿನಲ್ಲಿ ಕೆಂಪು ಮಾತ್ರ ಉಳಿದಿತ್ತು. ಸೂರ್ಯನಿರಲಿಲ್ಲ.

ಸಭಾಮನೆಯ ಜಗಲಿಯಲ್ಲಿ ಕಪ್ಪು ಬಟ್ಟೆ ಉಟ್ಟ ಹೆಂಗಸರು ಸಾಲಾಗಿ ನಿಂತಿದ್ದರು. ಅವರಲ್ಲಿ ಹಿರಿಯಳು ಕೂಗಿ ಕರೆದರೆ ಮಾತ್ರ ಸತ್ತವನು ಒಳಗೆ ಬರಬಹುದು. ನಾನು ಕಾದೆ. ಅವಳು ಕರೆಯಲಿಲ್ಲ. ಸೆರಗಿನಂತೆ ಹೊದ್ದ ಶಾಲಿನಲ್ಲಿ ಮುಖ ಒರೆಸಿಕೊಂಡಳು, ಅಷ್ಟೇ.

ಹಿರಿನಿ ಅಜ್ಜ ಕೋಲೂರಿಕೊಂಡು ಗೇಟಿನವರೆಗೆ ಬಂದರು. ನಾನು ಹಿಂಬಾಗಿಲಿನಿಂದ ತೆವಳಿ ಇಳಿದು ಅವರೆದುರು ನಿಂತೆ, ಕೈತುಂಬ ಒಣಗಿದ ರಕ್ತ.

"ಹನ್ನೆರಡು ನಿಮಿಷ ಅಜ್ಜಾ. ಬರೀ ಹನ್ನೆರಡು ನಿಮಿಷ. ಇನ್ನೂ ಬೆಳಕಿದೆ ನೋಡಿ, ನಿಮ್ಮ ಮುಖ ಕಾಣ್ತಿದೆ ನನಗೆ."

"ನಂಗೂ ನಿನ್ನ ಮುಖ ಕಾಣ್ತಿದೆ ಮಗಳೇ."

"ತಪ್ಪು ನಂದು. ನನ್ನನ್ನ ಹೊರಗೆ ನಿಲ್ಲಿಸಿ. ಅವನನ್ನ ಒಳಗೆ ಬಿಡಿ."

"ಈ ಗೇಟಲ್ಲಿ ನಿಂತು ನಿನ್ನ ಮಾವನೇ, ಹೊತ್ತು ಮೀರಿ ಬಂದ ಎಷ್ಟು ಜನಕ್ಕೆ ಇಲ್ಲ ಅಂದಿದ್ದಾನೆ ಗೊತ್ತಾ? ಈಗ ನಾನು ಹೂಂ ಅಂದ್ರೆ ಪೆಟ್ಟಿಗೆಯಿಂದ ಎದ್ದು ಬಂದು ನನ್ನ ಕೋಲು ಕಿತ್ಕೋತಾನೆ." ಕೋಲಿನಿಂದ ಪೂರ್ವದ ಕಡೆ ತೋರಿಸಿದರು. "ಬೆಳಿಗ್ಗೆ ಸೂರ್ಯ ಹುಟ್ಟಿದ ಕೂಡಲೇ. ಮೊದಲನೇ ಕರೆ ಅವನದೇ."

ನಾನು ಅಲ್ಲೇ ರಸ್ತೆಯ ಮೇಲೆ ಕೂತೆ. ಎಲ್ಲ ಮುಗಿಯಿತು. ಇನ್ನೂರು ಜನರ ಮುಂದೆ ಆಡಿದ ಮಾತು, ಇನ್ನೂರು ಜನ ಕಾದಿದ್ದರು, ನಾನು ಅವನನ್ನು ಅವನ ಸ್ವಂತ ಮನೆಯ ಹೊರಗೆ ನಿಲ್ಲಿಸಿದ್ದೆ.

ನಾವು ಒಳಗೆ ಹೋಗಲಾರದಿದ್ದರೂ ಅವರು ಹೊರಗೆ ಬರಬಹುದಿತ್ತು. ಒಬ್ಬೊಬ್ಬರಾಗಿ ಬಂದರು. ಹಾಸಿಗೆ ತಂದರು, ಕಂಬಳಿ ತಂದರು, ಚಹಾ ತಂದರು, ಕರಿದ ಬ್ರೆಡ್ಡಿನ ಬುಟ್ಟಿ ತಂದರು. ವ್ಯಾಗನ್ನಿನ ಹಿಂಬಾಗಿಲು ತೆರೆದು ಸುತ್ತ ಕೂತರು. ಹಿರಿನಿ ಅಜ್ಜನೇ ಮೊದಲು ಎದ್ದು ಮಾವನನ್ನು ಬೈದರು: ಜೀವಮಾನವಿಡೀ ಎಲ್ಲದಕ್ಕೂ ಮೊದಲು ಬರುತ್ತಿದ್ದವನು ಇವತ್ತು ತಡವಾಗಿ ಬಂದೆಯಲ್ಲೋ ಎಂದು. ಜನ ನಕ್ಕರು, ಅತ್ತರು. ನಮ್ಮಲ್ಲಿ ಸತ್ತವರ ಜೊತೆ ಮುಖಾಮುಖಿ ಮಾತಾಡುತ್ತೇವೆ. ಸಾಲ, ಸಿಟ್ಟು, ಸುಳ್ಳು, ಏನಿದ್ದರೂ ಅವರೆದುರಿಗೇ ಹೇಳುತ್ತೇವೆ. ಒಬ್ಬರಾದ ಮೇಲೆ ಒಬ್ಬರು ಹೇಳಿದರು. ಕೊನೆಗೆ ನಾನೊಬ್ಬಳೇ ಉಳಿದೆ. ನನಗಾಗಿ ಕಾಯುತ್ತಿದ್ದಾರೆಂದು ಗೊತ್ತಾಯಿತು.

ಎದ್ದು ನಿಂತೆ. ಪೆಟ್ಟಿಗೆಯ ಮೇಲೆ ಕೈಯಿಟ್ಟೆ.

"ಮಾವ, ತುಕ್ಕು ಬಿಡ್ತಿಲ್ಲ ಅಂದೆ. ಬಣ್ಣದ ರೆಕ್ಸಿನ್ ಸಿಗ್ತಿಲ್ಲ ಅಂದೆ. ಗಿರಾಕಿಗಳು ಜಾಸ್ತಿ ಅಂದೆ. ಎಲ್ಲಾ ಸುಳ್ಳು. ನಿನ್ನ ಸೀಟು ಹೋದ ವರ್ಷ ಮಾರ್ಚಲ್ಲೇ ಮುಗಿದಿತ್ತು. ನಾನೇ ಬಿಚ್ಚಿದೆ. ಮತ್ತೆ ಹೊಲಿದೆ, ಮತ್ತೆ ಬಿಚ್ಚಿದೆ. ಹಳೀನ ಬೇಕಂತಲೇ ಡೀಸೆಲ್ಲಲ್ಲಿ ಹಾಕಿ ಮರೆತೆ." ಶುರುಮಾಡಿದ ಮೇಲೆ ನಿಲ್ಲಿಸುವ ಹಾಗಿರಲಿಲ್ಲ. "ಪ್ರತಿ ಶುಕ್ರವಾರ ನೀನು ಟಪಾಲಿನ ವ್ಯಾನ್ ಹತ್ತಿ ನನ್ನ ಶೆಡ್ಡಿಗೆ ಬರ್ತಿದ್ದೆ, ಸೀಟು ಆಯ್ತೇನೇ ಅಂತ ಕೇಳೋಕೆ. ಸ್ಟೂಲ್ ಮೇಲೆ ಕೂತು ಸಂಜೆವರೆಗೂ ಕತೆ ಹೇಳ್ತಿದ್ದೆ. ಸೀಟು ಕೊಟ್ಟುಬಿಟ್ರೆ ನೀನ್ಯಾಕೆ ಬರ್ತೀಯ? ನನಗೆ ಮನೇಲಿ ಯಾರಿದ್ದಾರೆ ಮಾವ? ಆ ಒಂದು ದಿನಕ್ಕೋಸ್ಕರ ನಿನ್ನ ಕಾರು ಹಿಡಿದಿಟ್ಟುಕೊಂಡೆ. ಇವತ್ತು ನೀನು ಹೊರಗೆ ಮಲಗಿದ್ದೀಯ. ನನ್ನಿಂದ."

ಅತ್ತೆ ಚಹಾದ ಲೋಟ ಕೆಳಗಿಟ್ಟಳು.

"ಶನಿವಾರ ಏನಾಗ್ತಿತ್ತು ಗೊತ್ತಾ ನಿನಗೆ?" ಎಂದಳು.

"ಏನತ್ತೆ?"

"ಆ ವ್ಯಾನಲ್ಲಿ ಎರಡು ಗಂಟೆ ಹೋಗ್ತಾ, ಎರಡು ಗಂಟೆ ಬರ್ತಾ. ಗಟ್ಟಿ ಹಲಗೆ ಸೀಟು. ಶುಕ್ರವಾರ ಸಂಜೆ ಮಾಟಿಯು ಅವನನ್ನ ಎತ್ತಿ ಇಳಿಸ್ಬೇಕಾಗ್ತಿತ್ತು. ಶನಿವಾರ ಪೂರ್ತಿ ಹಾಸಿಗೆ ಬಿಟ್ಟು ಏಳ್ತಿರ್ಲಿಲ್ಲ. ಬಿಸಿನೀರಿನ ಚೀಲ ಇಟ್ಟೂ ಇಟ್ಟೂ ಸಾಕಾಗಿ, ಫೋನ್ ಮಾಡಿ ರಿಪೆಕಾಗೆ ಹೇಳ್ತೀನಿ ಅಂದೆ. ಹೇಳಿದ್ರೆ ನನ್ನ ಜೊತೆಗೇ ಮಾತು ಬಿಡ್ತೀನಿ ಅಂದ." ಅಂಗೈಯಿಂದ ಪೆಟ್ಟಿಗೆ ತಟ್ಟಿದಳು. "ನಾನೂ ಇವನೂ ಈ ಕಾರಲ್ಲಿ ಒಂದ್ಸಲ ಆ ಕಡೆ ಕಡಲ ದೀಪಸ್ತಂಭದವರೆಗೂ ಹೋಗಿ ಬರೋಣ ಅಂತಿದ್ವಿ. ಎರಡು ವರ್ಷ ಕಾದೆ ನಾನು. ಇವತ್ತು ಓಡ್ಸಿದೆ ನೋಡು."

ಅತ್ತೆ ನನ್ನ ಕಡೆ ನೋಡಲಿಲ್ಲ. ಚಳಿ ಏರುತ್ತಿತ್ತು. ನಾನು ವ್ಯಾಗನ್ನಿನೊಳಗೆ ಹತ್ತಿ ಮತ್ತೆ ಅದೇ ಸಂದಿಯಲ್ಲಿ, ಮಾವನ ಪಕ್ಕ, ಪೆಟ್ಟಿಗೆಯ ಕಡೆ ಮುಖ ಮಾಡಿ ಮಲಗಿದೆ. ಬೇರೆಲ್ಲಿಗೆ ಹೋಗಲಿ?

ಸ್ವಲ್ಪ ಹೊತ್ತಿನ ಮೇಲೆ ಕಾರು ಅಲುಗಿತು. ಅತ್ತೆ ಕಂಬಳಿ ಎಳೆದುಕೊಂಡು ಹಿಂಬಾಗಿಲಿನಿಂದ ಹತ್ತುತ್ತಿದ್ದಳು.

"ಆ ಕಡೆ ಸರಿ."

"ಜಾಗ ಇಲ್ಲ ಅತ್ತೆ."

"ಸರಿ ಅಂದೆ."

ಸರಿದೆ. ಅವಳ ಪುಟ್ಟ ಮೈ ನನ್ನ ಬೆನ್ನಿಗೆ ಒತ್ತಿಕೊಂಡಿತು. ನನ್ನ ಮೇಲಿಂದ ಕೈ ಚಾಚಿ ಪೆಟ್ಟಿಗೆಯ ಅಂಚು ಹಿಡಿದುಕೊಂಡಳು.

"ಕೆಳಗೆ ಏನೋ ಚುಚ್ಚುತ್ತೆ" ಎಂದಳು.

"ಕಂಬಿ ಅತ್ತೆ. ಫೋಮ್ ತೆಗೆದ್ನಲ್ಲ. ಏಳು, ಹಾಸಿಗೆ ತಂದು ಹಾಕ್ತೀನಿ."

"ಬೇಡ" ಎಂದಳು ಅತ್ತೆ. "ಚುಚ್ಚಲಿ ಬಿಡು."